ಗಣಿ ಮುಚ್ಚಿದ ಮೇಲೆ ಉಳಿಯುವ ಕೆಸರು

ಕಳೆದ ವರ್ಷ ನನ್ನ ಸಂಶೋಧನಾ ಪ್ರಬಂಧದ ಎರಡನೆಯ ಅಧ್ಯಾಯವನ್ನು ಮಾರ್ಗದರ್ಶಕರ ಮೇಜಿನ ಮೇಲಿಟ್ಟು ಬಂದಿದ್ದೆ. ಅಧ್ಯಾಯದ ಹೆಸರು ‘ಮಾತ್ಸುವೊ ಗಂಧಕದ ಗಣಿ: 1914–1972’. ವಾರ ಕಳೆದು ಹಾಳೆಗಳು ವಾಪಸು ಬಂದಾಗ 1972 ಎಂಬ ಅಂಕಿಯ ಸುತ್ತ ಪೆನ್ಸಿಲಿನಲ್ಲಿ ಒಂದು ವೃತ್ತ ಬರೆದಿತ್ತು. ಬೇರೆ ಯಾವ ಟಿಪ್ಪಣಿಯೂ ಇರಲಿಲ್ಲ.

“ಆ ವರ್ಷ ಏನು ಮುಗೀತು?” ಅಂತ ಕೇಳಿದರು.

“ಗಣಿ ಮುಚ್ಚಿತು ಸರ್.”

“ಗಣಿ ಮುಚ್ಚಿತು, ಸರಿ. ನೀರು ಬರೋದು ನಿಂತಿತೇನಮ್ಮಾ?”

ನಿಂತಿಲ್ಲ ಎಂದು ನನಗೆ ಗೊತ್ತಿತ್ತು. ಇಂದಿಗೂ ನಿಂತಿಲ್ಲ. ಗೊತ್ತಿದ್ದೂ ಅದನ್ನು ಇತಿಹಾಸದ ಹೊರಗಿಟ್ಟಿದ್ದೆ. ಏಕೆಂದರೆ ನಾನು ಓದಿದ ಗಣಿ ಚರಿತ್ರೆಗಳೆಲ್ಲ ಹಾಗೆಯೇ ಮುಗಿಯುತ್ತಿದ್ದವು. ಅದಿರು ಸಿಕ್ಕ ವರ್ಷದಿಂದ ಶುರು, ಬೀಗ ಬಿದ್ದ ವರ್ಷಕ್ಕೆ ಮಂಗಳ. ಬೀಗ ಬಿದ್ದ ಮೇಲೆ ಹರಿಯುವ ನೀರು, ಆ ನೀರನ್ನು ತೊಳೆದಾಗ ಉಳಿಯುವ ಕೆಸರು, ಆ ಕೆಸರನ್ನು ಎಲ್ಲಿಡಬೇಕು ಎಂಬ ಜಗಳ, ಇವೆಲ್ಲ ಎಂಜಿನಿಯರುಗಳ ಪಾಲು ಎಂದುಕೊಂಡಿದ್ದೆ. ಈ ಲೇಖನ ಆ ಪೆನ್ಸಿಲ್ ಗುರುತಿಗೆ ನಾನು ತಡವಾಗಿ ಕೊಡುತ್ತಿರುವ ಉತ್ತರ.

*

ಮೊದಲು ನೀರಿನ ವಿಷಯ. ಭೂಮಿಯೊಳಗೆ ಕಬ್ಬಿಣ ಮತ್ತು ಗಂಧಕ ಒಂದಾಗಿ ಪೈರೈಟ್ ಎಂಬ ಖನಿಜವಾಗಿ ಕೂತಿರುತ್ತದೆ. ತಾಮ್ರ, ಸತು, ಕಲ್ಲಿದ್ದಲು, ಗಂಧಕ, ಹೀಗೆ ಎಷ್ಟೋ ಗಣಿಗಳಲ್ಲಿ ಅದು ಜೊತೆಗಾರ. ಗಾಳಿ ತಾಕದಷ್ಟು ಕಾಲ ಅದರಿಂದ ತೊಂದರೆಯಿಲ್ಲ. ಗಣಿ ತೋಡಿದಾಗ ಸುರಂಗದೊಳಕ್ಕೆ ಗಾಳಿಯೂ ಹೋಗುತ್ತದೆ, ಮಳೆನೀರೂ ಹೋಗುತ್ತದೆ. ಪೈರೈಟ್, ಆಮ್ಲಜನಕ, ನೀರು ಮೂರೂ ಕೂಡಿದರೆ ಗಂಧಕಾಮ್ಲ ಹುಟ್ಟುತ್ತದೆ. ಆ ಆಮ್ಲ ಸುತ್ತಲಿನ ಕಲ್ಲಿನಿಂದ ಕಬ್ಬಿಣ, ತಾಮ್ರ, ಆರ್ಸೆನಿಕ್‌ಗಳನ್ನು ಕರಗಿಸಿಕೊಂಡು ಹೊರಬರುತ್ತದೆ.

ಗಣಿ ನಡೆಯುತ್ತಿರುವವರೆಗೆ ಪಂಪುಗಳು ಆ ನೀರನ್ನು ಎತ್ತಿ ಹೊರಹಾಕುತ್ತವೆ, ಹೇಳಲು ಕೇಳಲು ಒಬ್ಬ ಯಜಮಾನನಿರುತ್ತಾನೆ. ಗಣಿ ಮುಚ್ಚಿದ ಮೇಲೆ ಪಂಪು ನಿಲ್ಲುತ್ತದೆ, ಯಜಮಾನ ಹೋಗುತ್ತಾನೆ, ಸುರಂಗಗಳು ತುಂಬುತ್ತವೆ, ನೀರು ತನ್ನ ದಾರಿ ತಾನು ಹುಡುಕಿಕೊಳ್ಳುತ್ತದೆ. ಬೆಟ್ಟದೊಳಗೆ ಪೈರೈಟ್ ಇರುವಷ್ಟು ಕಾಲ ಈ ಕ್ರಿಯೆ ನಡೆಯುತ್ತಲೇ ಇರುತ್ತದೆ. ಅದರ ಲೆಕ್ಕ ವರ್ಷಗಳಲ್ಲಲ್ಲ, ತಲೆಮಾರುಗಳಲ್ಲಿ.

ಇದಕ್ಕೆ ಮದ್ದು ಹಳೆಯದು: ಸುಣ್ಣ. ಹುಳಿಗೆ ಸುಣ್ಣ ಬೆರೆಸಿದರೆ ಹುಳಿ ಸಾಯುತ್ತದೆ. ಹುಳಿ ಸತ್ತಾಗ ಅದರಲ್ಲಿ ಕರಗಿದ್ದ ಲೋಹಗಳು ಕರಗಿರಲಾರದೆ ಹೊರಬಂದು ತಳಕ್ಕೆ ಕೂರುತ್ತವೆ. ಮೇಲಿನ ತಿಳಿನೀರನ್ನು ಹೊಳೆಗೆ ಬಿಡಬಹುದು. ತಳದಲ್ಲಿ ಉಳಿಯುವುದು ಕೆಂಪು, ಹಳದಿ ಬಣ್ಣದ ಲೋಳೆಯಂಥ ಕೆಸರು. ಎಂಜಿನಿಯರುಗಳು ಇದನ್ನು ಸ್ಲಡ್ಜ್ ಎನ್ನುತ್ತಾರೆ. ನೀರನ್ನು ಶುದ್ಧ ಮಾಡುವುದು ಎಂದು ನಾವು ಕರೆಯುವ ಕೆಲಸ ನಿಜವಾಗಿ ವಿಷವನ್ನು ನೀರಿನಿಂದ ಎತ್ತಿ ಕೆಸರಿನಲ್ಲಿಡುವ ಕೆಲಸ. ನೀರು ಹರಿದು ಹೋಗುತ್ತದೆ, ಕೆಸರು ಹೋಗುವುದಿಲ್ಲ. ಅದಕ್ಕೆ ಜಾಗ ಬೇಕು. ಯಾರ ಜಾಗ? ಜಪಾನಿನ ಗಣಿ ಇತಿಹಾಸದಲ್ಲಿ ಈ ಪ್ರಶ್ನೆ ಒಂದು ಊರನ್ನೇ ಬಲಿ ತೆಗೆದುಕೊಂಡಿತು.

*

ಟೋಕಿಯೊದ ಉತ್ತರಕ್ಕೆ ತೋಚಿಗಿ ಪ್ರಾಂತ್ಯದ ಬೆಟ್ಟಗಳ ನಡುವೆ ಅಶಿಯೊ ಎಂಬ ತಾಮ್ರದ ಗಣಿಯಿದೆ. 1877ರಲ್ಲಿ ಫುರುಕಾವಾ ಇಚಿಬೆ ಎಂಬ ವ್ಯಾಪಾರಿ ಅದನ್ನು ಕೊಂಡ. 1880ರ ದಶಕದಲ್ಲಿ ಅಲ್ಲಿ ಭಾರೀ ತಾಮ್ರದ ಎಳೆಗಳು ಸಿಕ್ಕಿ ಅಶಿಯೊ ದೇಶದ ಅತಿ ದೊಡ್ಡ ತಾಮ್ರದ ಗಣಿಯಾಯಿತು. ಅಲ್ಲಿಂದ ಇಳಿದು ಬರುವ ವಾತಾರಾಸೆ ನದಿ ಸತ್ತ ಮೀನುಗಳನ್ನು ತಂದಿತು. 1890ರ ಪ್ರವಾಹದಲ್ಲಿ ಗಣಿಯ ತ್ಯಾಜ್ಯ ಕೆಳಗಿನ ಗದ್ದೆಗಳ ಮೇಲೆ ಹರಡಿ ಬೆಳೆ ಹಾಳಾಯಿತು. ಮುಂದಿನ ವರ್ಷ ತನಾಕಾ ಶೋಜೊ ಎಂಬ ಸಂಸದ ಈ ವಿಷಯವನ್ನು ಸಂಸತ್ತಿನಲ್ಲಿ ಎತ್ತಿದರು; ಹತ್ತು ವರ್ಷ ಬಿಡದೆ ಎತ್ತುತ್ತಲೇ ಇದ್ದರು.

ರೈತರು ಗುಂಪುಗುಂಪಾಗಿ ಟೋಕಿಯೊಗೆ ನಡೆದು ಹೋದ ಮೇಲೆ, 1897ರಲ್ಲಿ ಸರ್ಕಾರ ಗಣಿಗೆ ಒಂದು ಕಟ್ಟುನಿಟ್ಟಿನ ಆಜ್ಞೆ ಹೊರಡಿಸಿತು. ತೊಟ್ಟಿಗಳನ್ನು ಕಟ್ಟಿ, ಗಣಿಯ ನೀರನ್ನು ನಿಲ್ಲಿಸಿ, ಕಶ್ಮಲವನ್ನು ತಳಕ್ಕೆ ಕೂರಿಸಿ, ಸೋಸಿ ಹೊರಬಿಡಬೇಕು. ಕುಲುಮೆಯ ಹೊಗೆಯನ್ನು ಸುಣ್ಣದ ನೀರಿನಲ್ಲಿ ತೊಳೆಯಬೇಕು. ಕಾಗದದ ಮೇಲೆ ಅದು ಆ ಕಾಲಕ್ಕೆ ಮೀರಿದ ಆಜ್ಞೆ. ಆದರೆ ತೊಟ್ಟಿಗಳ ತಳದಲ್ಲಿ ಕೂತ ಕೆಸರು ಎಲ್ಲಿಗೆ ಹೋಗಬೇಕು? ಗಣಿಯಿಂದ ಅಗೆದು ತೆಗೆದ ಕಲ್ಲುಮಣ್ಣಿನ ರಾಶಿಗಳು ಎಲ್ಲಿರಬೇಕು? ಅಶಿಯೊದ ಕಣಿವೆಗಳು ಕಿರಿದು, ಮಳೆ ಜೋರು, ಸುತ್ತಲಿನ ಕಾಡು ಕುಲುಮೆಯ ಹೊಗೆಗೆ ಸುಟ್ಟು ಬೋಳಾಗಿತ್ತು. ಮತ್ತೆ ಪ್ರವಾಹಗಳು ಬಂದವು, ವಿಷ ಮತ್ತೆ ಕೆಳಗಿಳಿಯಿತು.

1901ರ ಡಿಸೆಂಬರ್ 10ರಂದು, ಆ ಹೊತ್ತಿಗೆ ಸಂಸತ್ತಿಗೆ ರಾಜೀನಾಮೆ ಕೊಟ್ಟಿದ್ದ ಅರವತ್ತು ವರ್ಷದ ತನಾಕಾ ಚಕ್ರವರ್ತಿಯ ಸಾರೋಟಿನ ಕಡೆಗೆ ಮನವಿಪತ್ರ ಹಿಡಿದು ಓಡಿದರು. ಕಾವಲಿನವರು ಹಿಡಿದರು. ಪತ್ರದ ಕರಡು ಬರೆದುಕೊಟ್ಟವರು ಪತ್ರಕರ್ತ ಕೋತೊಕು ಶೂಸುಯಿ. ಅದರ ಮೇಲೆ ತನಾಕಾ ತಮ್ಮ ಕೈಯಾರೆ ತಿದ್ದುಪಡಿ ಮಾಡಿದ್ದರು. ಪತ್ರ ಚಕ್ರವರ್ತಿಯ ಕೈಸೇರಲಿಲ್ಲ, ಆದರೆ ಮರುದಿನ ಇಡೀ ದೇಶ ಅದನ್ನು ಓದಿತು.

ಆಮೇಲೆ ಸರ್ಕಾರ ಹುಡುಕಿದ ಪರಿಹಾರವನ್ನು ನೋಡಿ. ಪ್ರವಾಹದ ನೀರು ನಿಂತು, ಅದರಲ್ಲಿರುವ ಕೆಸರು ಕೂರಲು ಕೆಳಗೆ ಒಂದು ದೊಡ್ಡ ತಗ್ಗು ಬೇಕು. ಆ ತಗ್ಗಿಗೆ ಆರಿಸಿದ್ದು ಯನಾಕಾ ಎಂಬ ಹಳ್ಳಿಯನ್ನು. 1906ರಲ್ಲಿ ಹಳ್ಳಿಯ ಹೆಸರನ್ನು ದಾಖಲೆಯಿಂದ ಅಳಿಸಿದರು. ಬಿಟ್ಟು ಹೋಗಲೊಪ್ಪದ ಹದಿನಾರು ಮನೆಗಳನ್ನು 1907ರಲ್ಲಿ ಕೆಡವಿದರು. ತನಾಕಾ ಅದಕ್ಕೂ ಮೊದಲೇ ಆ ಹಳ್ಳಿಗೆ ಹೋಗಿ ನೆಲೆಸಿದ್ದರು. 1913ರಲ್ಲಿ ಅವರು ತೀರಿಕೊಂಡಾಗ ಜೊತೆಗಿದ್ದ ಚೀಲದಲ್ಲಿ ಬೈಬಲ್ಲಿನ ಹೊಸ ಒಡಂಬಡಿಕೆ, ದಿನಚರಿ ಮತ್ತು ಕೆಲವು ಸಣ್ಣ ಕಲ್ಲುಗಳಿದ್ದವು. ಯನಾಕಾ ಇದ್ದ ಜಾಗ ಇಂದು ಜೊಂಡು ಬೆಳೆದ ವಿಶಾಲ ಜೌಗು ಪ್ರದೇಶ.

ಅಶಿಯೊ ಕತೆ ಅಲ್ಲಿಗೂ ಮುಗಿಯಲಿಲ್ಲ. 1958ರ ಮೇ ತಿಂಗಳಲ್ಲಿ ಗೆಂಗೊರೊಜಾವಾ ಎಂಬಲ್ಲಿ ಗಣಿ ತ್ಯಾಜ್ಯದ ರಾಶಿ ಕುಸಿದು ಮತ್ತೆ ವಾತಾರಾಸೆಯ ಗದ್ದೆಗಳನ್ನು ಸೇರಿತು. ಗಣಿ 1973ರಲ್ಲಿ ಮುಚ್ಚಿತು. 2011ರ ಮಾರ್ಚಿನ ಮಹಾಭೂಕಂಪದಲ್ಲಿ ಅದೇ ರಾಶಿ ಇನ್ನೊಮ್ಮೆ ಜಾರಿತು. ತನಾಕಾ ತೀರಿಕೊಂಡು ಆ ಹೊತ್ತಿಗೆ ತೊಂಬತ್ತೆಂಟು ವರ್ಷ.

ಕೆಸರಿನ ಪ್ರಮಾಣ ಎಂಬುದು ತಾಂತ್ರಿಕ ವರದಿಯ ಒಂದು ಸಾಲು ಎಂದುಕೊಂಡಿದ್ದ ನನಗೆ ಯನಾಕಾದ ಕತೆ ಓದಿದ ಮೇಲೆ ಹಾಗೆ ಅನ್ನಿಸಲಿಲ್ಲ. ಕೆಸರು ಎಷ್ಟು ಎನ್ನುವುದರ ಮೇಲೆ ಎಷ್ಟು ನೆಲ ಹೋಗುತ್ತದೆ ಎನ್ನುವುದು ನಿಂತಿದೆ. ಕೆಸರನ್ನು ಅರ್ಧ ಮಾಡಿದವನು ಯಾವುದೋ ಒಂದು ಕಣಿವೆಯ ಅರ್ಧವನ್ನು ಉಳಿಸಿದ ಹಾಗೆ.

*

ಈಗ ಮಾತ್ಸುವೊ. ಜಪಾನಿನ ಈಶಾನ್ಯಕ್ಕೆ, ಇವಾತೆ ಪ್ರಾಂತ್ಯದ ಹಚಿಮಾನ್‌ತಾಯ್ ಬೆಟ್ಟಸಾಲಿನಲ್ಲಿ ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರ್ ಎತ್ತರದಲ್ಲಿ ಗಂಧಕದ ನಿಕ್ಷೇಪವಿತ್ತು. 1914ರಲ್ಲಿ ಕಂಪನಿ ಕಟ್ಟಿ ದೊಡ್ಡ ಪ್ರಮಾಣದಲ್ಲಿ ತೋಡಲು ಶುರು ಮಾಡಿದರು. ಕಾಗದ, ರೇಯಾನ್, ಗೊಬ್ಬರ ಎಲ್ಲಕ್ಕೂ ಗಂಧಕ ಬೇಕಿದ್ದ ಕಾಲ. ಏಷ್ಯಾದ ದೊಡ್ಡ ಗಂಧಕದ ಗಣಿಗಳಲ್ಲಿ ಅದೂ ಒಂದು ಎಂಬ ಹೆಸರು ಬಂತು.

ಎರಡನೆಯ ಮಹಾಯುದ್ಧದ ನಂತರ ಕಂಪನಿ ಆ ಚಳಿಬೆಟ್ಟದ ಮೇಲೆ ಕೆಲಸಗಾರರಿಗಾಗಿ ಕಾಂಕ್ರೀಟಿನ ಬಹುಮಹಡಿ ವಸತಿಗಳನ್ನು ಕಟ್ಟಿತು. ಮನೆ ಬೆಚ್ಚಗಿಡುವ ಕೊಳವೆಗಳು, ಫ್ಲಶ್ ಶೌಚಾಲಯ, ಆಸ್ಪತ್ರೆ, ಶಾಲೆ, ಸಿನಿಮಾ ತೋರಿಸುವ ಸಭಾಂಗಣ ಎಲ್ಲವೂ ಇದ್ದವು. ಟೋಕಿಯೊದಲ್ಲೇ ಇವೆಲ್ಲ ಅಪರೂಪವಾಗಿದ್ದ ದಿನಗಳವು. ಹತ್ತು ಸಾವಿರಕ್ಕೂ ಹೆಚ್ಚು ಜನ ಅಲ್ಲಿದ್ದರು. ‘ಮೋಡದ ಮೇಲಿನ ಸ್ವರ್ಗ’ ಎಂದು ಜನ ಅದನ್ನು ಕರೆದರು.

ಆ ಸ್ವರ್ಗ ಮುಳುಗಿದ ಬಗೆ ವಿಚಿತ್ರವಾದುದು. 1960ರ ದಶಕದಲ್ಲಿ ಜಪಾನಿನ ನಗರಗಳಲ್ಲಿ ಹೊಗೆಯ ವಿರುದ್ಧ ಕೂಗೆದ್ದಿತು. ಕಚ್ಚಾ ತೈಲದಲ್ಲಿರುವ ಗಂಧಕವನ್ನು ಸುಡುವ ಮೊದಲೇ ತೆಗೆಯಬೇಕು ಎಂದಾಯಿತು. ತೈಲ ಶುದ್ಧೀಕರಣ ಘಟಕಗಳು ಹಾಗೆ ತೆಗೆದ ಗಂಧಕವನ್ನು ಅಗ್ಗಕ್ಕೆ ಮಾರತೊಡಗಿದವು. ಬೆಟ್ಟದಿಂದ ತೋಡುವ ಗಂಧಕವನ್ನು ಕೇಳುವವರೇ ಇಲ್ಲವಾದರು. 1969ರಲ್ಲಿ ಕಂಪನಿ ದಿವಾಳಿಯಾಗಿ ಕೆಲಸಗಾರರೆಲ್ಲ ಬೆಟ್ಟ ಇಳಿದರು. 1972ರ ಹೊತ್ತಿಗೆ ಗಣಿ ಪೂರ್ತಿ ಮುಚ್ಚಿತು. ಗಾಳಿಯನ್ನು ಶುದ್ಧವಾಗಿಸಿದ ನಿಯಮ ಗಣಿಯನ್ನು ಮುಚ್ಚಿಸಿತು, ಮುಚ್ಚಿದ ಗಣಿ ನದಿಯನ್ನು ಕೆಡಿಸಿತು. ಇದರಲ್ಲಿ ಯಾರನ್ನು ದೂರುವುದು ಎಂದು ನಾನು ಬಹಳ ದಿನ ಯೋಚಿಸಿದ್ದೇನೆ.

ಗಣಿಯಿಂದ ಹೊರಡುವ ನೀರು ಮೊದಲು ಸೇರುವ ಹೊಳೆಯ ಹೆಸರು ಅಕಾಗಾವಾ, ಎಂದರೆ ಕೆಂಪು ಹೊಳೆ. ಅದು ಮಾತ್ಸುಕಾವಾ ಸೇರಿ, ಮಾತ್ಸುಕಾವಾ ಕಿತಾಕಾಮಿಯನ್ನು ಸೇರುತ್ತದೆ. ಕಿತಾಕಾಮಿ ಸುಮಾರು 249 ಕಿಲೋಮೀಟರ್ ಹರಿಯುವ, ಆ ಸೀಮೆಯ ಅತಿ ಉದ್ದದ ನದಿ. ನೂರಾರು ಊರುಗಳ ಗದ್ದೆಗೆ ನೀರು, ಮೀನು ಎಲ್ಲ ಅದರದ್ದೇ. ಪ್ರಾಂತ್ಯದ ರಾಜಧಾನಿ ಮೊರಿಯೊಕಾ ನಗರದ ನಡುವೆ ಹರಿಯುವ ಆ ನದಿ 1970ರ ದಶಕದ ಆರಂಭದಲ್ಲಿ ಕೆಂಪು ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿತು. ಗಣಿಯ ನೀರಿನ ಪಿಎಚ್ ಎರಡರ ಆಸುಪಾಸು, ಹೆಚ್ಚುಕಡಿಮೆ ನಿಂಬೆರಸದ ಹುಳಿ. ನಿಮಿಷಕ್ಕೆ ಸುಮಾರು 18 ಘನ ಮೀಟರ್ ನೀರು, ಅಂದರೆ ದಿನಕ್ಕೆ ಎರಡೂವರೆ ಕೋಟಿ ಲೀಟರಿಗಿಂತ ಹೆಚ್ಚು. ದೂರು ಕೊಡೋಣವೆಂದರೆ ಕಂಪನಿಯೇ ಇಲ್ಲ.

1972ರಲ್ಲಿ ಸರ್ಕಾರ ತಾತ್ಕಾಲಿಕವಾಗಿ ಒಂದು ಕೆಲಸ ಮಾಡಿತು. ಸುಣ್ಣದ ಕಲ್ಲಿನ ಪುಡಿಯನ್ನು ನೇರವಾಗಿ ಹೊಳೆಗೇ ಸುರಿಯತೊಡಗಿತು. ಹುಳಿ ತಗ್ಗಿತು. ಆದರೆ ನೀರಿನಿಂದ ಬೇರೆಯಾದ ಕಬ್ಬಿಣದ ಕೆಸರು ಎಲ್ಲಿ ಕೂರಬೇಕು? ಹೊಳೆಯ ತಳದಲ್ಲಿ, ಕೆಳಗಿನ ಅಣೆಕಟ್ಟಿನ ಜಲಾಶಯದಲ್ಲಿ. ನದಿಯೇ ತೊಟ್ಟಿಯಾಯಿತು. ನೀರನ್ನು ತಿಳಿಗೊಳಿಸಿದ ಮಾತ್ರಕ್ಕೆ ಮುಗಿಯುವುದಿಲ್ಲ ಎನ್ನುವುದು ಇಲ್ಲಿ ಕಣ್ಣಿಗೇ ಕಾಣುವಂತಾಯಿತು.

*

ಸಾಹಿತ್ಯದ ಓದುಗರಿಗೆ ಇಲ್ಲೊಂದು ಪರಿಚಿತ ಮುಖವನ್ನು ತೋರಿಸಬೇಕು. ಇದೇ ಕಿತಾಕಾಮಿ ನದಿಯ ದಡದ ಹನಮಾಕಿ ಊರಿನಲ್ಲಿ 1896ರಲ್ಲಿ ಕವಿ, ಕತೆಗಾರ ಮಿಯಾಜಾವಾ ಕೆಂಜಿ ಹುಟ್ಟಿದ್ದು. ಆಕಾಶಗಂಗೆಯಲ್ಲಿ ಓಡುವ ರೈಲಿನ ಕತೆ ಬರೆದವರು. ಊರ ಬಳಿ ನದಿಯ ದಡದಲ್ಲಿ ಬಿಳಿಚಾದ ಜೇಡಿಕಲ್ಲಿನ ಹಾಸು ಕಂಡು ಅದಕ್ಕೆ ‘ಇಂಗ್ಲಿಷ್ ಕರಾವಳಿ’ ಎಂದು ಹೆಸರಿಟ್ಟವರೂ ಅವರೇ. ಅವರು ಕೃಷಿ ಶಾಲೆಯ ಮೇಷ್ಟ್ರೂ ಆಗಿದ್ದರು, ಮಣ್ಣಿನ ರಸಾಯನ ಓದಿದವರೂ ಆಗಿದ್ದರು ಎಂಬುದು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ.

ಇವಾತೆಯ ಹೊಲಗಳ ಮಣ್ಣು ಬಹುಪಾಲು ಹುಳಿ. ಅದಕ್ಕೆ ಸುಣ್ಣದ ಕಲ್ಲಿನ ಪುಡಿ ಹಾಕಿದರೆ ಬೆಳೆ ಏಳುತ್ತದೆ ಎಂದು ಕೆಂಜಿ ನಂಬಿದ್ದರು. 1931ರಲ್ಲಿ ಅವರು ಅದೇ ಪ್ರಾಂತ್ಯದ ಒಂದು ಕಲ್ಲುಪುಡಿ ಕಾರ್ಖಾನೆಗೆ ತಂತ್ರಜ್ಞರಾಗಿ ಸೇರಿ, ಮಾದರಿಗಳ ಭಾರದ ಪೆಟ್ಟಿಗೆ ಹೊತ್ತು ಊರೂರು ಅಲೆದು ಪುಡಿ ಮಾರಿದರು. ಆ ವರ್ಷದ ಸೆಪ್ಟೆಂಬರಿನಲ್ಲಿ ಟೋಕಿಯೊಗೆ ಹೋದವರು ಅಲ್ಲೇ ಕಾಯಿಲೆ ಬಿದ್ದರು. 1933ರಲ್ಲಿ, ಮೂವತ್ತೇಳನೆಯ ವಯಸ್ಸಿಗೆ ತೀರಿಕೊಂಡರು.

ಅವರು ಮಾರುತ್ತಿದ್ದ ಅದೇ ವಸ್ತು, ಸುಣ್ಣದ ಕಲ್ಲಿನ ಪುಡಿ, ನಾಲ್ಕು ದಶಕಗಳ ನಂತರ ಅವರ ನದಿಯನ್ನು ಉಳಿಸಲು ಬಂತು. ಇದನ್ನು ಕಾಕತಾಳೀಯ ಎನ್ನಬಹುದು. ಆದರೆ ಅವರ ನಂಬಿಕೆಯಲ್ಲಿದ್ದ ಒಂದು ವಿವೇಕ ಮಾತ್ರ ಕಾಕತಾಳೀಯವಲ್ಲ. ಸುಟ್ಟ ಸುಣ್ಣ ದುಬಾರಿ. ಕಲ್ಲಿನ ಪುಡಿ ಅಗ್ಗ, ನಿಧಾನ, ಆದರೆ ಬಡವರ ಕೈಗೆಟುಕುವಂಥದ್ದು. ಮಾತ್ಸುವೊ ಘಟಕ ಕಟ್ಟಿದವರೂ ಕೊನೆಗೆ ಈ ಲೆಕ್ಕಕ್ಕೇ ಬಂದು ನಿಂತರು. ಅದಕ್ಕೆ ಮೊದಲು ಕೆಸರಿನ ಸ್ವಭಾವದ ಬಗ್ಗೆ ಸ್ವಲ್ಪ ತಿಳಿಯಬೇಕು.

*

ಗಣಿ ನೀರಿನ ಕೆಸರಿನಲ್ಲಿ ಬಹುಪಾಲು ಇರುವುದು ನೀರೇ. ಹಳೆಯ ಪದ್ಧತಿಯಲ್ಲಿ ಸುಣ್ಣ ಸುರಿದು ಕೂರಿಸಿದರೆ ಬರುವ ಕೆಸರಿನಲ್ಲಿ ಗಟ್ಟಿ ಪದಾರ್ಥ ನೂರಕ್ಕೆ ಒಂದರಿಂದ ಐದು ಭಾಗ ಅಷ್ಟೇ. ನೂರಕ್ಕೆ ಎರಡು ಎಂದಿಟ್ಟುಕೊಳ್ಳಿ. ಒಂದು ಟನ್ ಒಣ ಪದಾರ್ಥ ತೆಗೆಯಲು ಹೋದರೆ ಕೈಗೆ ಬರುವುದು 50 ಟನ್ ರಾಡಿ. ಅದನ್ನು ಪಂಪು ಮಾಡಬೇಕು, ಸಾಗಿಸಬೇಕು, ಕಣಿವೆಗೆ ಕಟ್ಟೆ ಕಟ್ಟಿ ತುಂಬಿಸಬೇಕು. ಅದೇ ಕೆಸರಿನಲ್ಲಿ ಗಟ್ಟಿ ಭಾಗ ನೂರಕ್ಕೆ 20 ಆದರೆ? ಆಗ ಬರುವುದು ಐದೇ ಟನ್. ತೆಗೆದ ಲೋಹ ಅಷ್ಟೇ, ತಿಳಿನೀರೂ ಅಷ್ಟೇ. ಕೆಸರು ಮಾತ್ರ ಹತ್ತರಲ್ಲೊಂದು ಪಾಲು.

ಇದು ಸಾಧ್ಯ ಎಂದು ತೋರಿಸಿದ್ದು ಅಮೆರಿಕದ ಪೆನ್ಸಿಲ್ವೇನಿಯಾ. ಅಲ್ಲಿಯ ಕಲ್ಲಿದ್ದಲು ಗಣಿಗಳ ಹಳದಿ ಮಡ್ಡಿಗೆ ಗಣಿ ಕೆಲಸಗಾರರು ‘ಯೆಲ್ಲೋ ಬಾಯ್’ ಎಂದೇ ಅಡ್ಡಹೆಸರು ಇಟ್ಟಿದ್ದರು. ಬೆತ್ಲೆಹೆಮ್ ಸ್ಟೀಲ್ ಕಂಪನಿಯ ಕಾಸ್ಟೆನ್‌ಬೇಡರ್ ಮತ್ತು ಹೇನ್ಸ್ ಎಂಬ ಇಬ್ಬರು 1970ರಲ್ಲಿ ‘ಕೋಲ್ ಏಜ್’ ಪತ್ರಿಕೆಯಲ್ಲಿ ಒಂದು ಹೊಸ ವಿಧಾನವನ್ನು ವಿವರಿಸಿದರು. ಇಂದು ಅದಕ್ಕೆ ‘ಹೈ ಡೆನ್ಸಿಟಿ ಸ್ಲಡ್ಜ್’ ವಿಧಾನ ಎಂಬ ಹೆಸರಿದೆ. ದಟ್ಟ ಕೆಸರಿನ ವಿಧಾನ ಎನ್ನೋಣ.

ಅದರ ಗುಟ್ಟು ನಮ್ಮ ಅಡುಗೆಮನೆಯಲ್ಲೇ ಇದೆ. ಹಾಲಿಗೆ ಹೆಪ್ಪು ಹಾಕುವಾಗ ನಿನ್ನೆಯ ಮೊಸರನ್ನೇ ಒಂದು ಚಮಚ ಉಳಿಸಿಕೊಂಡು ಹಾಕುತ್ತೇವಲ್ಲ, ಅದೇ ಕ್ರಮ. ತಳದಲ್ಲಿ ಕೂತ ಕೆಸರನ್ನು ಎಲ್ಲ ಆಚೆ ಹಾಕುವುದಿಲ್ಲ. ಅದರ ದೊಡ್ಡ ಪಾಲನ್ನು ಹಿಂದಕ್ಕೆ ತಂದು ಮೊದಲು ಸುಣ್ಣದ ಜೊತೆ ಕಲಸುತ್ತಾರೆ. ಹಳೆಯ ಕಣಗಳ ಮೈಗೆ ಸುಣ್ಣ ಹತ್ತಿಕೊಳ್ಳುತ್ತದೆ. ಆಮೇಲೆ ಇದಕ್ಕೆ ಗಣಿಯ ಹುಳಿನೀರನ್ನು ಬೆರೆಸುತ್ತಾರೆ. ಆಗ ಕಬ್ಬಿಣ ನೀರಿನ ನಡುವೆ ಎಲ್ಲೆಂದರಲ್ಲಿ ಲೋಳೆಯಾಗಿ ಒಡೆಯುವ ಬದಲು, ಸುಣ್ಣ ಮೆತ್ತಿದ ಹಳೆಯ ಕಣದ ಮೈಮೇಲೆಯೇ ಪದರವಾಗಿ ಕೂರುತ್ತದೆ. ಲೋಳೆ ತನ್ನೊಳಗೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ಪದರಪದರವಾಗಿ ಬೆಳೆದ ಕಣ ಹಿಡಿಯುವುದಿಲ್ಲ. ಅದು ಭಾರವಾಗಿ ಬೇಗ ತಳ ಸೇರುತ್ತದೆ. ಹೀಗೆ ಮತ್ತೆಮತ್ತೆ ಸುತ್ತಿದ ಕೆಸರಿನಲ್ಲಿ ಗಟ್ಟಿ ಭಾಗ ನೂರಕ್ಕೆ ಇಪ್ಪತ್ತು ಮೂವತ್ತನ್ನೂ ಮುಟ್ಟುತ್ತದೆ.

ಇದರಲ್ಲಿ ಹೊಸ ರಾಸಾಯನಿಕ ಯಾವುದೂ ಇಲ್ಲ. ಅದೇ ಸುಣ್ಣ, ಅದೇ ನೀರು. ಬದಲಾದದ್ದು ಬೆರೆಸುವ ಕ್ರಮ ಮಾತ್ರ. ಕಸವೆಂದು ಎಸೆಯುತ್ತಿದ್ದುದೇ ಕಸವನ್ನು ಕಡಿಮೆ ಮಾಡುವ ಸಾಧನವಾಯಿತು. ಇಂದು ಜಗತ್ತಿನ ಹಲವು ಮುಚ್ಚಿದ ಗಣಿಗಳಲ್ಲಿ ಈ ವಿಧಾನ ನಡೆಯುತ್ತಿದೆ. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ವೀಲ್ ಜೇನ್ ಎಂಬ ತವರದ ಗಣಿ ಮುಚ್ಚಿದ ಮರುವರ್ಷ, 1992ರ ಜನವರಿಯಲ್ಲಿ, ತುಂಬಿದ ಸುರಂಗದ ನೀರು ಒಮ್ಮೆಗೇ ಒಡೆದು ಸುಮಾರು ಐದು ಕೋಟಿ ಲೀಟರ್ ಕಾರ್ನನ್ ನದಿಗೆ ನುಗ್ಗಿ ಅಳಿವೆಯನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸಿತ್ತು. ಅಲ್ಲಿಯೂ ಕೊನೆಗೆ ನೆಲೆನಿಂತದ್ದು ಇದೇ ವಿಧಾನ.

*

ಮಾತ್ಸುವೊ ಬೇರೆ ದಾರಿ ಹಿಡಿಯಿತು. ಅಲ್ಲಿನ ತೊಡಕು ಕಬ್ಬಿಣದ ರೂಪದ್ದು. ಗಣಿಯಿಂದ ಬರುವ ನೀರಿನಲ್ಲಿ ಕಬ್ಬಿಣ ಹೆಚ್ಚಾಗಿ ‘ಫೆರಸ್’ ರೂಪದಲ್ಲಿರುತ್ತದೆ. ಅದನ್ನು ತಳಕ್ಕೆ ಕೂರಿಸಬೇಕಾದರೆ ಪಿಎಚ್ ಎಂಟರ ಮೇಲೆ ಏರಬೇಕು. ಅಷ್ಟು ಏರಿಸಲು ಕಲ್ಲಿನ ಪುಡಿಯಿಂದ ಆಗದು, ದುಬಾರಿ ಸುಟ್ಟ ಸುಣ್ಣವೇ ಬೇಕು. ಅದೇ ಕಬ್ಬಿಣ ‘ಫೆರಿಕ್’ ರೂಪಕ್ಕೆ ಬಂದರೆ ಪಿಎಚ್ ನಾಲ್ಕರ ಹತ್ತಿರವೇ ಕೂತುಬಿಡುತ್ತದೆ. ಆಗ ಕಲ್ಲಿನ ಪುಡಿ ಸಾಕು. ಆದರೆ ಅಷ್ಟು ಹುಳಿ ನೀರಿನಲ್ಲಿ ಗಾಳಿ ಊದಿದರೂ ಕಬ್ಬಿಣ ತಾನಾಗಿ ರೂಪ ಬದಲಿಸುವುದು ತೀರಾ ನಿಧಾನ.

ಆ ಕೆಲಸ ಮಾಡಿಕೊಡುವವರು ಗಣಿಯ ನೀರಿನಲ್ಲೇ ಇದ್ದರು. 1947ರಲ್ಲಿ ಕಾಲ್ಮರ್ ಮತ್ತು ಹಿಂಕಲ್ ಎಂಬ ವಿಜ್ಞಾನಿಗಳು ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲು ಗಣಿಯ ನೀರಿನಲ್ಲಿ ಕಬ್ಬಿಣವನ್ನು ಉತ್ಕರ್ಷಿಸಿ ಬದುಕುವ ಬ್ಯಾಕ್ಟೀರಿಯಾ ಇರುವುದನ್ನು ತೋರಿಸಿದ್ದರು. ಅವಕ್ಕೆ ಹುಳಿಯೇ ಇಷ್ಟ, ಕಬ್ಬಿಣವೇ ಊಟ. ನಿಜ ಹೇಳಬೇಕೆಂದರೆ ಬೆಟ್ಟದೊಳಗೆ ಆಮ್ಲ ಹುಟ್ಟುವುದನ್ನು ಲಕ್ಷಾಂತರ ಪಟ್ಟು ಚುರುಕುಗೊಳಿಸುವ ಅಪರಾಧಿಗಳೂ ಇವೇ. ಮಾತ್ಸುವೊದ ಎಂಜಿನಿಯರುಗಳು ಈ ಅಪರಾಧಿಗಳನ್ನೇ ಕೆಲಸಕ್ಕೆ ಹಚ್ಚಿದರು. ದೊಡ್ಡ ತೊಟ್ಟಿಗಳಲ್ಲಿ ಗಾಳಿ ಊದಿ, ಬ್ಯಾಕ್ಟೀರಿಯಾಗಳಿಂದ ಕಬ್ಬಿಣದ ರೂಪ ಬದಲಿಸಿ, ಆ ಬ್ಯಾಕ್ಟೀರಿಯಾಗಳನ್ನು ಹಿಡಿದು ಮತ್ತೆ ಮೊದಲ ತೊಟ್ಟಿಗೆ ಬಿಟ್ಟು, ಮುಂದಿನ ತೊಟ್ಟಿಯಲ್ಲಿ ಕಲ್ಲಿನ ಪುಡಿ ಬೆರೆಸುವ ವ್ಯವಸ್ಥೆ. ಇಲ್ಲೂ ಹೆಪ್ಪಿನ ಲೆಕ್ಕವೇ. ನೀರಿನಲ್ಲಿರುವ ಆರ್ಸೆನಿಕ್ ಕೂಡ ಕಬ್ಬಿಣದ ಜೊತೆಗೇ ಅಂಟಿಕೊಂಡು ತಳ ಸೇರುತ್ತದೆ. ಕಲ್ಲಿನ ಪುಡಿಯಿಂದ ಬರುವ ಕೆಸರು ಸುಟ್ಟ ಸುಣ್ಣದ ಕೆಸರಿಗಿಂತ ದಟ್ಟ, ಬೇಗ ಕೂರುತ್ತದೆ.

ಘಟಕ 1981ರಲ್ಲಿ ಸಿದ್ಧವಾಗಿ 1982ರಿಂದ ನಡೆಯುತ್ತಿದೆ. ಹಗಲು ರಾತ್ರಿ, ಹಿಮ ಸುರಿಯುವಾಗಲೂ, ಹಬ್ಬದ ದಿನವೂ. ಕಿತಾಕಾಮಿ ತಿಳಿಯಾಯಿತು, ಮೀನು ಮರಳಿದವು. ವರ್ಷಕ್ಕೆ ಸುಮಾರು 50 ಕೋಟಿ ಯೆನ್ ಖರ್ಚು. ಹೊಣೆಗಾರ ಕಂಪನಿ ಇಲ್ಲದ ಇಂಥ ಗಣಿಗಳ ಖರ್ಚಿನಲ್ಲಿ ಮುಕ್ಕಾಲು ಪಾಲು ಕೇಂದ್ರ ಸರ್ಕಾರದ್ದು, ಕಾಲು ಪಾಲು ಸ್ಥಳೀಯ ಸರ್ಕಾರದ್ದು. ಅಂದರೆ 1930ರಲ್ಲಿ, 1950ರಲ್ಲಿ ಮಾರಿದ ಗಂಧಕದ ಬಾಕಿಯನ್ನು ಆಗ ಹುಟ್ಟಿಯೇ ಇರದವರು ಕಟ್ಟುತ್ತಿದ್ದಾರೆ.

ಇಷ್ಟೆಲ್ಲ ಮಾಡಿದರೂ ಕೆಸರು ಇದ್ದೇ ಇದೆ. ಅದನ್ನು ಬೆಟ್ಟದ ಮೇಲೇ ಕಟ್ಟಿದ ಒಂದು ಕಟ್ಟೆಯ ಹಿಂದೆ ತುಂಬಿಸುತ್ತಾರೆ. ಕಟ್ಟೆಗೊಂದು ಮಿತಿಯಿದೆ, ನೀರಿಗಿಲ್ಲ. ಆದ್ದರಿಂದ ಅಲ್ಲಿ ಮಾಡಿದ ಇನ್ನೊಂದು ಕೆಲಸವೇ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ತೆರೆದು ಬಿಟ್ಟಿದ್ದ ಗಣಿಯ ಬೋಳು ನೆಲಕ್ಕೆ ಮಣ್ಣು ಹೊದಿಸಿ, ಗಿಡ ಬೆಳೆಸಿ, ಮಳೆನೀರು ಒಳಗಿಳಿಯದಂತೆ ಕಾಲುವೆ ತೋಡಿ ಆಚೆ ತಿರುಗಿಸಿದರು. ಒಳಗೆ ಹೋಗುವ ನೀರು ಕಡಿಮೆಯಾದಷ್ಟೂ ಹುಳಿನೀರು ಕಡಿಮೆ, ಸುಣ್ಣ ಕಡಿಮೆ, ಕೆಸರು ಕಡಿಮೆ. ಕೆಸರನ್ನು ಕುಗ್ಗಿಸುವ ಎಲ್ಲ ಜಾಣ್ಮೆಗಿಂತ ಕೆಸರೇ ಹುಟ್ಟದಂತೆ ನೋಡಿಕೊಳ್ಳುವುದು ಮೇಲು. ಆದರೆ ಬೆಟ್ಟದೊಳಗೆ ತೂತು ಮಾಡಿಯಾದ ಮೇಲೆ ಅದನ್ನು ಪೂರ್ತಿ ಸಾಧಿಸಲು ಯಾರಿಂದಲೂ ಆಗಿಲ್ಲ.

ಕೆಸರನ್ನು ಮಾರಬಾರದೇ ಎಂದು ಕೇಳುವವರಿದ್ದಾರೆ. ಅಮೆರಿಕದ ಒಹಾಯೊ ವಿಶ್ವವಿದ್ಯಾಲಯದ ಎಂಜಿನಿಯರ್ ಗೈ ರೀಫ್ಲರ್ ಮತ್ತು ಚಿತ್ರಕಾರ ಜಾನ್ ಸೇಬ್ರಾ ಸೇರಿ ಕಲ್ಲಿದ್ದಲು ಗಣಿಗಳ ನೀರಿನ ಕಬ್ಬಿಣದಿಂದ ಚಿತ್ರಕಲೆಯ ಬಣ್ಣ ತಯಾರಿಸಿದ್ದಾರೆ. ಹೊಳೆಯನ್ನು ಕೊಂದ ಕೆಂಪೇ ಕ್ಯಾನ್ವಾಸಿಗೆ ಬಂದಿದೆ. ಸಂತೋಷದ ಸಂಗತಿ. ಆದರೆ ಎಲ್ಲ ಕೆಸರೂ ಅಷ್ಟು ಶುದ್ಧವಲ್ಲ. ಆರ್ಸೆನಿಕ್ ಅಂಟಿದ ಮಾತ್ಸುವೊದ ಕೆಸರನ್ನು ಯಾರ ಮನೆಯ ಗೋಡೆಗೆ ಬಳಿಯುವುದು?

*

ಈ ಅಧ್ಯಾಯ ಬರೆಯುವಾಗ ನನಗೆ ಕೋಲಾರ ನೆನಪಾಗುತ್ತಲೇ ಇತ್ತು. ಕೆಜಿಎಫ್‌ನ ಕಲ್ಲು ಬೇರೆ, ಅಲ್ಲಿನ ತೊಂದರೆ ಬೇರೆ. ಮಾತ್ಸುವೊದ ರಸಾಯನವನ್ನು ಅಲ್ಲಿಗೆ ಎತ್ತಿಡುವುದು ತಪ್ಪಾಗುತ್ತದೆ. ಆದರೆ ಅಲ್ಲಿಯೂ ಕತೆಯನ್ನು ನಾವು 2001ರ ಫೆಬ್ರವರಿ 28ಕ್ಕೆ, ಗಣಿ ಮುಚ್ಚಿದ ದಿನಕ್ಕೆ, ಮುಗಿಸಿಬಿಡುತ್ತೇವೆ. ಅದಿರನ್ನು ಅರೆದು ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಬಿಳಿಚು ದಿಬ್ಬಗಳು, ಅಲ್ಲಿನವರ ಬಾಯಲ್ಲಿ ‘ಸೈನೈಡ್ ದಿಬ್ಬ’ಗಳು, ಇನ್ನೂ ಊರಿನ ನಡುವೆ ನಿಂತಿವೆ. ಗಾಳಿ ಜೋರಾದಾಗ ಧೂಳು ಮನೆಯೊಳಗೆ ಬರುತ್ತದೆ. ಕಾದಂಬರಿಯಲ್ಲಿ, ಸಿನಿಮಾದಲ್ಲಿ ಬರುವುದು ಚಿನ್ನ. ಅಲ್ಲಿರುವವರು ದಿನಾ ಗುಡಿಸುವುದು ದಿಬ್ಬದ ಧೂಳು.

ಚರಿತ್ರೆ ಬರೆಯುವ ನಮಗೆ ಒಂದು ಅಭ್ಯಾಸವಿದೆ. ಎಲ್ಲಿ ದಾಖಲೆ ನಿಲ್ಲುತ್ತದೋ ಅಲ್ಲಿ ಘಟನೆಯೂ ನಿಂತಿತು ಎಂದುಕೊಳ್ಳುತ್ತೇವೆ. ಕಂಪನಿಯ ಕಡತ, ಸಂಬಳದ ಪಟ್ಟಿ, ಉತ್ಪಾದನೆಯ ಲೆಕ್ಕ, ಇವೆಲ್ಲ ಗಣಿ ಮುಚ್ಚಿದ ದಿನಕ್ಕೆ ನಿಲ್ಲುತ್ತವೆ. ಆಮೇಲಿನ ದಾಖಲೆ ಬೇರೆ ಕಡೆ, ಬೇರೆ ಭಾಷೆಯಲ್ಲಿ ಇರುತ್ತದೆ: ಇವತ್ತು ಬಂದ ನೀರೆಷ್ಟು, ಪಿಎಚ್ ಎಷ್ಟು, ಹಾಕಿದ ಪುಡಿ ಎಷ್ಟು, ತುಂಬಿದ ಕೆಸರೆಷ್ಟು. ನೀರಸವಾದ ಪಟ್ಟಿಗಳು. ನಾನು ಅವನ್ನು ಬದಿಗಿಟ್ಟಿದ್ದು ಅವು ನೀರಸ ಎಂಬ ಕಾರಣಕ್ಕೇ. ಯನಾಕಾದ ಹದಿನಾರು ಮನೆಗಳ ಬಗ್ಗೆ ಓದಿ ಕಣ್ಣು ಒದ್ದೆ ಮಾಡಿಕೊಂಡವಳಿಗೆ, ಇನ್ನೊಂದು ಯನಾಕಾ ಆಗದಂತೆ ನಲವತ್ತು ವರ್ಷಗಳಿಂದ ತಡೆಯುತ್ತಿರುವುದು ಆ ಪಟ್ಟಿಗಳೇ ಎಂದು ಹೊಳೆದಿರಲಿಲ್ಲ.

ಅಧ್ಯಾಯವನ್ನು ತಿದ್ದಿ ಮತ್ತೆ ಕೊಟ್ಟೆ. ಹೆಸರಿನಲ್ಲಿ 1914ರ ಮುಂದೆ ಒಂದು ಗೆರೆ ಎಳೆದು ಹಾಗೇ ಬಿಟ್ಟಿದ್ದೆ. ಸರ್ ಕನ್ನಡಕ ಏರಿಸಿ ನೋಡಿದರು.

“ಮುದ್ರಣದೋಷ ಅಂದುಕೊಳ್ತಾರೆ, ಒಂದು ಅಡಿಟಿಪ್ಪಣಿ ಹಾಕಮ್ಮಾ” ಎಂದರು.

ಹಾಕಿದ್ದೇನೆ. ನೀರು ಇನ್ನೂ ಬರುತ್ತಿದೆ ಎಂದು ಅದರಲ್ಲಿ ಬರೆದಿದ್ದೇನೆ.